ಹೆಸರು ಹೇಳಿದ ಮದ್ದು

ಮೊದಲ ದಿನ ಕಲಿಸಿದ್ದು ಗಾಜು ತೊಳೆಯುವುದು.
ಮೂರು ಸಲ ನಲ್ಲಿ ನೀರು, ಮೂರು ಸಲ ಬಟ್ಟಿ ನೀರು,
ಬೋರಲು ಹಾಕಿದರೆ ಒಳಗೋಡೆಗೆ ಒಂದು ಹನಿಯೂ ನಿಲ್ಲಬಾರದು.
"ನಿಂತರೆ ಜಿಡ್ಡಿದೆ ಅಂತ, ಜೇಮ್ಲಿಬಾಯಿ.
ಜಿಡ್ಡು ಸುಳ್ಳು ಹೇಳಿಸುತ್ತೆ."
ಕುಂಸಿ ಕಡೆಯ ತಾಂಡಾದವಳು ನಾನು.
ಪೂರಾ ಹೆಸರಿಡಿದು ಕರೆದವರು
ಆ ಕಟ್ಟಡದಲ್ಲಿ ಅವರೊಬ್ಬರೇ.

ಕಟ್ಟಡ ಅಂದರೆ, ದುರ್ಗಿಗುಡಿಯ ಹಿಂದಿನ ಓಣಿಯಲ್ಲಿ
ಮುಚ್ಚಿಹೋದ ಸೋಡಾ ಕಾರ್ಖಾನೆ.
ಮುಂದೆ ಗುತ್ಯಮ್ಮ ಮೇಡಂ, ಹಿಂದೆ ನಲವತ್ತು ಇಲಿ.
'ಔಷಧ ಸಂಶೋಧನೆ' ಬೋರ್ಡು ನೋಡಿ
ಕೆಮ್ಮಿನ ಸಿರಪ್ಪು ಕೇಳಿಕೊಂಡು ಬರುವ ಜನ.
ಇಲಾಖೆಯ ಕಾಗದ ಬಂದರೆ ಪ್ರತಿಸಲ
'ಶ್ರೀ ಗುತ್ಯಪ್ಪನವರಿಗೆ'.
ತಿದ್ದಿ ತಿದ್ದಿ ಬೇಸತ್ತು, ಕೊನೆಗೊಂದು ದಿನ
ಗುತ್ಯಪ್ಪ ಅಂತಲೇ ಸಹಿ ಹಾಕಿ
ಕೂದಲೆಳೆಗೂ ಮುಳ್ಳು ಅಲುಗುವ ತಕ್ಕಡಿ ತರಿಸಿದರು.

ಚಂದ್ರಗುತ್ತಿ ಸೀಮೆಯ ಅವರಜ್ಜಿ ಕನ್ನಮ್ಮ
ಕಾಮಾಲೆಗೆ ಮದ್ದು ಕೊಡುವವಳು.
ಭಾನುವಾರ, ಹೊತ್ತು ಮೂಡುವ ಮೊದಲು,
ಯಾರೊಡನೆಯೂ ಮಾತಾಡದೆ ಕಿತ್ತು,
ಮಜ್ಜಿಗೆಯಲ್ಲಿ ಅರೆದು. ಕಾಸು ಮುಟ್ಟುತ್ತಿರಲಿಲ್ಲ.
ಸೊಪ್ಪು ಯಾವುದೆಂದು ಮಾತ್ರ ಕೇಳಬಾರದು:
ಹೆಸರು ಹೇಳಿದರೆ ಮದ್ದು ಹಿಡಿಯೋದಿಲ್ಲ.

ಏಳು ವರ್ಷದ ಮೊಮ್ಮಗಳು
ಬೇಲಿಯ ಸಂದಿಯಿಂದ ನೋಡಿಟ್ಟುಕೊಂಡಿದ್ದನ್ನು
ನಲವತ್ತರಲ್ಲಿ ಸೀಸೆಯ ಮೇಲೆ ಬರೆದು ಅಂಟಿಸಿದರು.

ಇಲಿಗಳಿಗೆ ಗುರುತು ಹಚ್ಚುತ್ತಿದ್ದವಳು ನಾನೇ,
ಒಂದಕ್ಕೆ ತಲೆ ಹಳದಿ, ಒಂದಕ್ಕೆ ಬೆನ್ನು, ಒಂದಕ್ಕೆ ಬಾಲ,
ಮದುವೆ ಮನೆಯಲ್ಲಿ ಅರಿಶಿನ ಹಚ್ಚಿದ ಹಾಗೆ.
ಇಪ್ಪತ್ತಕ್ಕೆ ಸೊಪ್ಪಿನ ರಸ. ಇಪ್ಪತ್ತಕ್ಕೆ ಬರೀ ಮಜ್ಜಿಗೆ.
ಹನ್ನೊಂದನೇ ದಿನ
ಸೊಪ್ಪು ಕುಡಿದವೂ ಚೇತರಿಸಿಕೊಂಡವು,
ಮಜ್ಜಿಗೆ ಕುಡಿದವೂ.

"ಗಾಜು ಸರಿಯಾಗಿ ತೊಳೆದೆಯಾ?"
ಆ ಮಾತಿಗೆ ನಾನು ರಾತ್ರಿಯೆಲ್ಲ ತೊಳೆದೆ.
ಎರಡನೇ ಸಲವೂ ಹಾಗೇ. ಮೂರನೇ ಸಲವೂ.
ಡಬ್ಬಿಯ ಬುತ್ತಿ ಬಿಚ್ಚದೆ ಕೂತಿದ್ದರು ಮೇಡಂ.
"ನಿನ್ನ ಮೇಲೆ ಅನುಮಾನಪಟ್ಟೆ, ತಪ್ಪಾಯ್ತು" ಅಂದರು.
ದೊಡ್ಡವರು ತಪ್ಪಾಯ್ತು ಅಂದಾಗ
ಏನನ್ನಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.
ಇಲಿಗಳಿಗೆ ನೀರು ಹಾಕಲು ಹೋದೆ.

ಸೊರಬದ ಬಸ್ಸಿನಲ್ಲಿ ನನ್ನನ್ನೂ ಕರೆದುಕೊಂಡು ಹೋದರು.
ಕನ್ನಮ್ಮಜ್ಜಿ ಎಲೆಗೆ ಸುಣ್ಣ ಸವರುತ್ತ ಎಲ್ಲ ಕೇಳಿಸಿಕೊಂಡಳು.
"ಹಂಗಾರೆ ಮಜ್ಜಿಗೇಲೆ ಐತೆ ಬಿಡು ಗುಣ."
ಮೇಡಂ ನಕ್ಕರೋ ಅತ್ತರೋ, ನಾನು ಬೇಕೆಂದೇ ನೋಡಲಿಲ್ಲ.
ಎದ್ದು ಹೊರಟಾಗ ಅಜ್ಜಿ ಹಿಂದಿನಿಂದ:
"ಅದರ ಸಂಗಡ ಒಂದು ಚೂರು ಬೇರು ಹಾಕ್ತಿದ್ದೆ.
ಬೇಲಿ ಹಿಂದೆ ಕೂತಿದ್ದವಳಿಗೆ ಅದು ಕಂಡಿರಲಿಕ್ಕಿಲ್ಲ.
ಹೆಚ್ಚಾದರೆ ಮನುಷ್ಯ ಏಳಲ್ಲ, ನಿದ್ದೆ ಹಂಗೇ."

ಆಮೇಲೆ ಒಂಬತ್ತು ವರ್ಷ ಬೇರು.
ಅದನ್ನು ನಾನು ಹೇಳಲಾರೆ,
ನನಗೆ ಗೊತ್ತಿರುವುದು ಎಷ್ಟು ಸೀಸೆ ಎಂಬುದಷ್ಟೇ.
ಹಣ ನಿಂತಿತು, ತಮ್ಮ ಸರ ಅಡವಿಟ್ಟರು.
ಒಂದು ಸಂಜೆ, ಫಿಟ್ಸ್ ಬರಿಸಿದ ಇಲಿ,
ಬೆನ್ನಿಗೆ ಹಳದಿ ಹಚ್ಚಿದ್ದು,
ನಡುಗುವುದು ನಿಲ್ಲಿಸಿ, ಮೀಸೆ ಒರೆಸಿಕೊಂಡು
ಕಡಲೆ ತಿನ್ನತೊಡಗಿತು.
"ಬರೆದುಕೋ, ಎಷ್ಟು ಹೊತ್ತು?" ಅಂದರು ಮೇಡಂ,
ನನಗೆ ಬರೆಯಲು ಬರುವುದಿಲ್ಲವೆಂದು ಮರೆತು.
ನಾನು ಬೆರಳು ಮಡಿಸಿ ಎಣಿಸಿಟ್ಟೆ.

ಮಾತ್ರೆ ಎಲ್ಲೋ ದೂರದ ಊರಲ್ಲಿ ತಯಾರಾಯಿತು.
ನನ್ನ ಕೈಗೆ ಬಂದದ್ದು ಅಚ್ಚಾದ ನಾಲ್ಕು ಹಾಳೆ.
ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಓದಿದರು:
ಇದು ಬೇರಿನ ಹೆಸರು, ಇದು ಅಜ್ಜಿ ಕನ್ನಮ್ಮ,
ಇದು ನೀನು.
ಅಜ್ಜಿ ಹೋಗಿ ಆಗಲೇ ವರ್ಷವಾಗಿತ್ತು.

ಈಗಲೂ ನಾನು ಮನೆಯಲ್ಲಿ ಲೋಟ ತೊಳೆದರೆ
ಬೋರಲು ಹಿಡಿದು, ಬೆಳಕಿಗೆ ತಿರುಗಿಸಿ, ಹನಿ ನಿಂತಿದೆಯಾ ನೋಡುತ್ತೇನೆ.
"ಟೀ ಕುಡಿಯೋಕೆ ಇಷ್ಟೆಲ್ಲಾ ಯಾಕತ್ತೆ?" ಅನ್ನುತ್ತಾಳೆ ಸೊಸೆ.
ನಿಂತಿದ್ದರೆ ಮತ್ತೆ ತೊಳೆಯುತ್ತೇನೆ.